ಅಬ್ಬಾ ತಿದ್ದಿದ ಜಪಾನ್ ಕಾರು

"ಮಿಸ್ತ್ರಿ ಇಲ್ವಾ?" ಅಂತ ಕೇಳುವವರಿಗೆ ನಾನು ಕೊಡುವ ಉತ್ತರ ಒಂದೇ: "ಇದ್ದಾರೆ. ನಿಮ್ಮ ಎದುರಿಗೇ ನಿಂತಿದ್ದಾರೆ." ಇಪ್ಪತ್ತು ವರ್ಷದಿಂದ ಹುಣಸೂರಿನಲ್ಲಿ ಟಿಂಕರ್ ಶೆಡ್ಡು ನಡೆಸುತ್ತಿದ್ದೇನೆ. ಇಂದಿಗೂ ವಾರಕ್ಕೊಬ್ಬರಾದರೂ ನನ್ನ ಹೆಗಲ ಮೇಲಿಂದ ಒಳಗೆ ಇಣುಕಿ, ಗಂಡಸರು ಯಾರಾದರೂ ಕಾಣುತ್ತಾರಾ ಎಂದು ಹುಡುಕುತ್ತಾರೆ. ಮೊದಮೊದಲು ನಗುತ್ತಿದ್ದೆ. ಈಗ ನಗುವುದಿಲ್ಲ. ಸುತ್ತಿಗೆ ಹೇಗೂ ಕೈಯಲ್ಲಿರುತ್ತದೆ, ಅದನ್ನು ಕೆಳಗಿಡದೆ ಮಾತಾಡುತ್ತೇನೆ.

ಟಿಂಕರ್ ಕೆಲಸ ಎಂದರೆ ಗುದ್ದಿಸಿಕೊಂಡು ಬಂದ ಗಾಡಿಯ ತಗಡನ್ನು ಬಡಿದು ಮೊದಲಿನಂತೆ ಮಾಡುವುದು. ನನ್ನ ತಂದೆ, ಅಂದರೆ ನಮ್ಮ ಅಬ್ಬಾ, ಈ ಕಸುಬಿಗೆ ಬಂದದ್ದು ಹೊಗೆಸೊಪ್ಪಿನ ಬ್ಯಾರನ್ನಿನ ದಾರಿಯಿಂದ. ನಮ್ಮ ಕಡೆ ತಂಬಾಕು ಹದ ಮಾಡುವ ಮನೆಗೆ ಬ್ಯಾರನ್ ಎನ್ನುತ್ತಾರೆ. ಒಲೆಯ ಬಿಸಿ ಅದರೊಳಗೆಲ್ಲ ಹರಿಯಲು ಉದ್ದುದ್ದ ತಗಡಿನ ಕೊಳವೆ ಬೇಕು. ಆ ಕೊಳವೆ ಮಾಡುತ್ತಾ ಮಾಡುತ್ತಾ ಟ್ರ್ಯಾಕ್ಟರಿನ ಮಡ್‌ಗಾರ್ಡಿಗೆ ಬಂದರು, ಜೀಪಿನ ಬಾನೆಟ್ಟಿಗೆ ಬಂದರು, ಬಸ್ಸಿನ ಪಕ್ಕೆಗೆ ಬಂದರು. ಬಿಳಿಕೆರೆಯಿಂದ ಹಿಡಿದು ಆ ಕಡೆ ಕೋಟೆ ತಾಲ್ಲೂಕಿನ ಎನ್. ಬೇಗೂರಿನವರೆಗೆ ಅಬ್ಬಾನ ಕೈ ತಾಗದ ಹಳೇ ಜೀಪು ಸಿಕ್ಕುವುದು ಕಷ್ಟ. ಕೊಳವೆ ಎಂದರೆ ಗುಂಡಗಿರಬೇಕು, ಬಸ್ಸಿನ ಪಕ್ಕೆ ಎಂದರೆ ಮಟ್ಟಸವಾಗಿರಬೇಕು. ಗುಂಡಗೂ ಇಲ್ಲದ, ಮಟ್ಟಸವಾಗಿಯೂ ಇಲ್ಲದ ತಗಡು ಅವರ ಲೆಕ್ಕದಲ್ಲಿ ಏಟು ತಿಂದ ತಗಡು.

ಶೆಡ್ಡಿಗೆ ಅಬ್ಬಾ ಮಾಡಿದ ಎರಡು ಕಾನೂನು ಇದ್ದವು. ಮನೆಯಲ್ಲಿ ಉರ್ದು, ಶೆಡ್ಡಿನಲ್ಲಿ ಕನ್ನಡ. ಗಿರಾಕಿಯ ಎದುರಿಗೆ ಅವನಿಗೆ ತಿಳಿಯದ ಮಾತಾಡಿದರೆ, ತನ್ನ ಗಾಡಿಯ ಬಗ್ಗೆಯೇ ಏನೋ ಗುಸುಗುಸು ಮಾಡಿಕೊಂಡರು ಅಂತ ಅವನಿಗೆ ಅನುಮಾನ ಬರುತ್ತದಂತೆ. ಹಾಗಾಗಿ ನಾವು ಅಪ್ಪ ಮಗಳು ಶೆಡ್ಡಿನಲ್ಲಿ ಆಡಿದ ಜಗಳವೆಲ್ಲ ಕನ್ನಡದ ಜಗಳವೇ. ಎರಡನೆಯದು ಗುರುತು. ಕೆಲಸ ಮುಗಿದ ಮೇಲೆ ತಗಡಿನ ಒಳಮೈಗೆ, ಯಾರಿಗೂ ಕಾಣದ ಕಡೆ, ಪಂಚು ಎಂಬ ಚೂಪು ಮೊನೆಯ ಉಳಿ ಇಟ್ಟು ಮೂರು ಚುಕ್ಕೆ ಹೊಡೆಯುವುದು. ಮೇಲೊಂದು, ಕೆಳಗೆ ಎರಡು, ಒಲೆಯ ಮೂರು ಗುಂಡಿನ ಹಾಗೆ. ನಾಳೆ ಇನ್ನೊಬ್ಬ ಮಿಸ್ತ್ರಿ ಬಿಚ್ಚಿ ನೋಡಿದರೆ ಇದು ಯಾರ ಕೈಕೆಲಸ ಎಂದು ಅವನಿಗೆ ಗೊತ್ತಾಗಬೇಕು ಎನ್ನುತ್ತಿದ್ದರು.

ಶೆಡ್ಡು ನನ್ನ ಕೈಗೆ ಬಂದ ಮೇಲೂ ನಾನು ಅದೇ ಮೂರು ಚುಕ್ಕೆ ಹೊಡೆಯುತ್ತಿದ್ದೆ. ನನ್ನದೇ ಒಂದು ಗುರುತು ಬೇಕು ಅಂತ ಆಸೆ ಇತ್ತು, ಕೇಳುವ ಧೈರ್ಯ ಇರಲಿಲ್ಲ. ಊರವರಿಗೆಲ್ಲ ರೇಗುವ ನಾನು ಅಬ್ಬಾನ ಮುಂದೆ ಮಾತ್ರ ಬಾಯಿ ಹೊಲಿದುಕೊಳ್ಳುತ್ತಿದ್ದೆ. ಯಾರಾದರೂ ಕೇಳಿದರೆ ಅವರು ನನ್ನನ್ನು ತೋರಿಸಿ, "ನಮ್ ಮಗ್ಳು, ಶೆಡ್ ನೋಡ್ಕತಾಳೆ" ಎನ್ನುತ್ತಿದ್ದರು. ಮಿಸ್ತ್ರಿ ಎಂಬ ಮಾತು ನನ್ನ ಪಾಲಿಗೆ ಅವರ ಬಾಯಿಂದ ಒಮ್ಮೆಯೂ ಬಂದಿರಲಿಲ್ಲ.

ಅಬ್ಬಾನ ಬಾಯಲ್ಲಿ ಯಾವಾಗಲೂ ಇರುತ್ತಿದ್ದದ್ದು ಒಂದೇ ಕಥೆ, ಜಪಾನ್ ಕಾರಿನ ಕಥೆ. ನಮ್ಮ ಶೆಡ್ಡಿನ ಪಕ್ಕದ ಟೀ ಅಂಗಡಿಯಲ್ಲಿ ಕೂತ ಯಾರನ್ನು ಬೇಕಾದರೂ ಕೇಳಿ, ಬಾಯಿಪಾಠ ಒಪ್ಪಿಸುತ್ತಾರೆ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಕೊಡಗಿನ ಕಾಫಿ ತೋಟದ ಒಬ್ಬ ಸಾಹುಕಾರರು ಕೆಂಪು ಬಣ್ಣದ, ಎರಡೇ ಬಾಗಿಲಿನ ಜಪಾನ್ ಕಾರು ತಂದು ನಿಲ್ಲಿಸಿದರು. ಆಫ್ರಿಕಾದಲ್ಲಿ ಕೆಲಸಕ್ಕಿದ್ದವರು ವಾಪಸು ಬರುವಾಗ ಹಡಗಿನಲ್ಲಿ ತಂದದ್ದಂತೆ. ಬಿಳಿಕೆರೆ ಹತ್ತಿರ ಎತ್ತಿನ ಗಾಡಿಯನ್ನು ಹಿಂದೆ ಹಾಕಲು ಹೋಗಿ, ಎಡಪಕ್ಕೆಯನ್ನು ಗಾಡಿಯ ಅಚ್ಚಿಗೆ ಉಜ್ಜಿಸಿಕೊಂಡಿದ್ದರು. ಒಂದು ವಾರ ಬಿಟ್ಟು ಬರುತ್ತೇನೆ ಎಂದು ಬಸ್ಸು ಹತ್ತಿದರು.

ಇಲ್ಲಿಂದ ಮುಂದಕ್ಕೆ ಅಬ್ಬಾನ ಮಾತಲ್ಲೇ ಕೇಳಬೇಕು. "ಎಡಪಕ್ಕೆ ಬಡ್ದು ಕನ್ನಡಿ ಮಾಡ್ದೆ ಕಣ್ರೀ. ಆಮ್ಯಾಕೆ ಬಲಗಡೆ ಬಂದು ನೋಡ್ತೀನಿ, ಅಲ್ಲೂ ಬಾಗ್ಲು ಆದ್ಮೇಲೆ ತಗಡು ಗುಮ್ ಅಂತ ಉಬ್ಕಂಡದೆ! ಗುದ್ದಿಲ್ಲ, ಗೀರಿಲ್ಲ, ಬಣ್ಣ ಅಂಗೇ ಅದೆ. ಜಪಾನ್ನೋರು ಕಾರ್ಖಾನೇಲೇ ಸೊಟ್ಟ ಮಾಡಿ ಕಳ್ಸವ್ರೆ! ಪಾಪ ಸಾವ್ಕಾರ್ರು ಅದ್ನೇ ಇಟ್ಕಂಡು ಓಡಾಡ್ತಾವ್ರೆ. ನಾನೇನ್ ಸುಮ್ಕಿರ್ತೀನಾ? ಅದ್ನೂ ಬಡ್ದು ಎಡಗಡೆಗೆ ಸಮ ಮಾಡ್ಬುಟ್ಟೆ. ಅದ್ಕೆ ಒಂದ್ ರೂಪಾಯೂ ಮುಟ್ನಿಲ್ಲ. ಸಾವ್ಕಾರ್ರು ಬಂದು ನೋಡಿ ಮಾತೇ ಆಡ್ನಿಲ್ಲ ಕಣ್ರೀ, ನನ್ ಕೈ ಹಿಡ್ಕಂಡು ನಿಂತ್ಬುಟ್ರು."

ಜಪಾನ್ ದೇಶದ ತಪ್ಪನ್ನು ತಿದ್ದಿದ ಹುಣಸೂರಿನ ಮಿಸ್ತ್ರಿ! ಮೂವತ್ತೈದು ವರ್ಷ ಅಬ್ಬಾ ಇದನ್ನು ಹೇಳಿಕೊಂಡು ಬಂದರು. ಕೈ ನಡುಗಲು ಶುರುವಾಗಿ ಸುತ್ತಿಗೆ ಬಿಟ್ಟ ದಿನವೂ ಹೇಳಿದರು. ನಾನೂ ಸ್ಕೂಲಿನಲ್ಲಿ ಹೇಳಿಕೊಂಡು ಮೆರೆದಿದ್ದೇನೆ, ಸುಳ್ಳೇಕೆ.

ಹೋದ ವರ್ಷ ಮಳೆಗಾಲ ಮುಗಿಯುತ್ತಿದ್ದ ಹಾಗೆ ಅದೇ ಕಾರು ಲಾರಿಯ ಮೇಲೆ ಹೇರಿಸಿಕೊಂಡು ಪಿರಿಯಾಪಟ್ಟಣದ ರಸ್ತೆಯಿಂದ ಬಂತು. ತಂದವರು ಆ ಸಾಹುಕಾರರ ಮಗ. ಈಗ ಅವರಿಗೇ ಅರವತ್ತರ ಹತ್ತಿರ. ತಂದೆ ತೀರಿಕೊಂಡು ಬಹಳ ವರ್ಷವಾಗಿತ್ತು. ಕಾರು ಕಾಫಿ ಒಣಗಿಸುವ ಕಣದ ಪಕ್ಕದ ಶೆಡ್ಡಿನಲ್ಲಿ ನಿಂತೇ ಇತ್ತಂತೆ. ಕೆಳಗೆಲ್ಲ ತುಕ್ಕು, ಸೀಟಿನಲ್ಲಿ ಇಲಿಗೂಡು. "ಇದನ್ನ ನಮ್ಮ ಅಪ್ಪ ತಂದ ದಿವಸ ಹೇಗಿತ್ತೋ ಹಾಗೆ ಮಾಡಿ ಕೊಡಬೇಕು," ಎಂದರು. ಅವರು "ಮಿಸ್ತ್ರಿ ಎಲ್ಲಿ" ಅಂತ ಕೇಳಲಿಲ್ಲ. ಆ ಒಂದು ಕಾರಣಕ್ಕೆ ನಾನು ಅರ್ಧ ಒಪ್ಪಿಬಿಟ್ಟಿದ್ದೆ.

ಆಮೇಲೆ ಅವರು ಜೇಬಿನಿಂದ ಎರಡು ಹಳೇ ಫೋಟೋ ತೆಗೆದರು. ಆಫ್ರಿಕಾದ ಕೆಮ್ಮಣ್ಣಿನ ರಸ್ತೆ, ಕಾರಿಗೆ ಒರಗಿ ನಿಂತ ಅವರ ತಂದೆ. ಫೋಟೋದಲ್ಲಿ ಬಾಗಿಲಿನಿಂದ ಹೊರಟ ಒಂದು ಗೆರೆ ಮೊದಲು ಸ್ವಲ್ಪ ಒಳಗೆ ಬಾಗಿ, ಹಿಂದಿನ ಚಕ್ರದ ಮೇಲೆ ತುಂಬಿಕೊಂಡು ಎದ್ದು, ಬಾಲದ ದೀಪದ ಹತ್ತಿರ ಚೂಪಾಗಿ ಮುಗಿದಿತ್ತು. ಸೊಂಟ ಇತ್ತು ಆ ಕಾರಿಗೆ. ನನ್ನ ಎದುರಿಗೆ ನಿಂತ ಕಾರಿಗೆ ಸೊಂಟವೇ ಇರಲಿಲ್ಲ. ಎರಡೂ ಪಕ್ಕ ಬಸ್ಸಿನ ಪಕ್ಕೆ.

ಹಿಂದಿನ ಸೀಟಿನ ಪಕ್ಕದ ರೆಗ್ಸಿನ್ ಹಲಗೆ ಬಿಚ್ಚಿ ಟಾರ್ಚ್ ಬಿಟ್ಟೆ. ಎಡಗಡೆ ಮೂರು ಚುಕ್ಕೆ. ಬಲಗಡೆ ಮೂರು ಚುಕ್ಕೆ. ಯಾ ಅಲ್ಲಾ, ಎಂದುಕೊಂಡೆ.

ಕಾರ್ಖಾನೆಯವರು ಸೊಟ್ಟ ಮಾಡಿರಲಿಲ್ಲ. ಅಬ್ಬಾ ಒಂದು ಕಾರಿನ ಸೊಂಟವನ್ನು ಗಾಯ ಅಂದುಕೊಂಡು ಎರಡೂ ಕಡೆ ಬಡಿದು ಚಪ್ಪಟೆ ಮಾಡಿದ್ದರು, ಅದೂ ಪುಕ್ಕಟೆ.

ನನಗೆ ಸಿಟ್ಟು ಬಂದದ್ದು ಅಬ್ಬಾನ ಮೇಲಲ್ಲ, ಎದುರಿಗೆ ನಿಂತವರ ಮೇಲೆ. "ಏನ್ ಸಾರ್, ನಿಮ್ಮ ತಂದೆಯವರಿಗೆ ಅವತ್ತೇ ಗೊತ್ತಾಗಿರಬೇಕಲ್ಲ! ಒಂದು ಮಾತು ಹೇಳೋಕೆ ಏನಾಗಿತ್ತು? ಬೈದಿದ್ರೆ ಅವತ್ತೇ ಸರಿ ಮಾಡಿ ಕೊಡ್ತಿದ್ರು!"

ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ನಾನೂ ಅವತ್ತು ಜೊತೆಗೆ ಬಂದಿದ್ದೆ. ನಿಮ್ಮ ತಂದೆ ಓಡಿ ಬಂದು ಬಲಗಡೆ ತೋರಿಸಿದರು. ಹಣ ಬೇಡ ಅಂದರು. ಮುಖದಲ್ಲಿ ಅಷ್ಟು ಸಂತೋಷ. ನಮ್ಮಪ್ಪ ಕೈ ಹಿಡಿದುಕೊಂಡು ನಿಂತರು, ಹೇಳಲಿಕ್ಕೆ ಆಗಲಿಲ್ಲ. ದಾರಿಯಲ್ಲಿ ನಾನು ಕೇಳಿದ್ದಕ್ಕೆ, 'ಎಂಥ ಹೇಳುದು, ಆ ಮನುಷ್ಯ ಅಷ್ಟು ಖುಷಿಯಲ್ಲಿ ಇದ್ದ,' ಅಂದರು. ಆಮೇಲೆ ಕಾರು ತೆಗೆಯುದು ಕಡಿಮೆ ಆಯ್ತು. ನಿಂತೇ ಹೋಯ್ತು."

ನಾನು ಸುತ್ತಿಗೆ ಕೆಳಗಿಟ್ಟೆ. ಅಬ್ಬಾನ ಮೂವತ್ತೈದು ವರ್ಷದ ಹೆಮ್ಮೆ ನಿಂತಿದ್ದದ್ದು ಒಬ್ಬ ದೊಡ್ಡ ಮನುಷ್ಯರ ದಾಕ್ಷಿಣ್ಯದ ಮೇಲೆ. ಈಗ ಕಾರನ್ನು ಸರಿ ಮಾಡಿದರೆ ಆ ಹೆಮ್ಮೆಯನ್ನು ನಾನೇ ನನ್ನ ಕೈಯಾರೆ ಬಡಿದು ಹಾಕಬೇಕು. ಮಾಡದಿದ್ದರೆ, ಗೊತ್ತಿದ್ದೂ ಗೊತ್ತಿದ್ದೂ ತಪ್ಪು ಕೆಲಸ ಮಾಡಿ ಕಳಿಸಿದ ಮಿಸ್ತ್ರಿ ನಾನಾಗುತ್ತೇನೆ. ಅಬ್ಬಾಗೆ ಎಪ್ಪತ್ತೆಂಟು. ಅವರಿಗೆ ಉಳಿದಿದ್ದ ಆಸ್ತಿ ಎಂದರೆ ಆ ಕಥೆ.

ಒಂದು ರಾತ್ರಿ ಯೋಚನೆ ಮಾಡಿ, ಕೆಲಸ ಒಪ್ಪಿಕೊಂಡೆ. ಅಬ್ಬಾಗೆ ಗೊತ್ತಾಗದ ಹಾಗೆ ಮುಗಿಸಿ ಕಳಿಸಿಬಿಡುತ್ತೇನೆ ಅಂತ ಲೆಕ್ಕ ಹಾಕಿದ್ದೆ. ದಡ್ಡತನಕ್ಕೂ ಒಂದು ಮಿತಿ ಬೇಕು.

ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದ ಒಂದೇ ಗಂಟೆಯಲ್ಲಿ ಕಾರಿನ ಸುದ್ದಿ ಟೀ ಅಂಗಡಿಯಿಂದ ಅವರಿಗೆ ಮುಟ್ಟಿತು. ಅವತ್ತು ಇಳಿಹೊತ್ತಿನ ಅಸರ್ ನಮಾಜು ಮುಗಿಸಿದವರೇ ಬಂದರು, ಜೊತೆಗೆ ನಾಲ್ಕು ಜನರನ್ನು ಕರೆದುಕೊಂಡು. "ಕೈ ಇಟ್ ನೋಡ್ರಿ. ಮೂವತ್ತೈದ್ ವರ್ಸ! ತಗ್ಗು ಮುಚ್ಚೋ ಪುಟ್ಟಿ ಒಂದ್ ಚಮಚಾನೂ ಇಲ್ಲ ಇದ್ರಾಗೆ. ಕೆಳ್ಗೆ ಜಪಾನ್ನೋರ್ದು ತುಕ್ಕು ಹಿಡ್ದದೆ, ನಾನ್ ಬಡ್ದಿದ್ದು ಅಂಗೇ ಅದೆ!" ಎಂದು ಒಬ್ಬೊಬ್ಬರ ಕೈಯನ್ನೂ ಹಿಡಿದು ತಗಡಿನ ಮೇಲೆ ಇಡಿಸಿದರು.

ಅದು ನಿಜವೂ ಆಗಿತ್ತು, ಸಂಕಟ ಅಲ್ಲೇ ಇತ್ತು. ಉಬ್ಬಿದ ತಗಡನ್ನು ಮಟ್ಟ ಮಾಡುವುದು ಸುಲಭದ ಮಾತಲ್ಲ. ಹೆಚ್ಚಾದ ತಗಡು ಎಲ್ಲಿಗೆ ಹೋಗಬೇಕು? ಬಡಿದಷ್ಟೂ ಅದು ಇನ್ನೊಂದು ಕಡೆ ಉಬ್ಬುತ್ತದೆ, ಒತ್ತಿದರೆ ಎಣ್ಣೆ ಡಬ್ಬದ ಹಾಗೆ ಡಬ್ ಡಬ್ ಎನ್ನುತ್ತದೆ. ಗ್ಯಾಸಿನ ಉರಿಯಲ್ಲಿ ಕಾಸಿನಗಲ ಕೆಂಪಗೆ ಕಾಯಿಸಿ, ಒದ್ದೆ ಬಟ್ಟೆ ಒತ್ತಿ, ಚೂರು ಚೂರೇ ಕುಗ್ಗಿಸಬೇಕು. ಅಂಥ ನೂರು ಕಡೆ ಕಾಯಿಸಿರಬೇಕು ಅಬ್ಬಾ. ಒಳಗಿನಿಂದ ಕೈ ಆಡಿಸಿದರೆ ಎಲ್ಲೂ ಒಂದು ಅಲೆಯಿಲ್ಲ. ಅವರ ಜೀವಮಾನದ ಕೆಲಸಗಳಲ್ಲೆಲ್ಲ ಇದೇ ಒಳ್ಳೆಯದು, ಇದೇ ತಪ್ಪು. ಅದನ್ನು ಬಿಡಿಸಲು ಕೂತಾಗ ನನಗೆ ಅಳುವೂ ಬಂತು, ಹೆಮ್ಮೆಯೂ ಆಯಿತು. ಎಂಥ ಕೈ ಅದು!

ಮೊದಲ ಸಲ ಫೋಟೋ ನೋಡಿಕೊಂಡೇ ಮಾಡಿದೆ. ಮೊಬೈಲಿನಲ್ಲೂ ಆ ಕಾರಿನ ಚಿತ್ರ ಹತ್ತಾರು ಸಿಕ್ಕವು. ಅದರಲ್ಲೊಂದು ವಿಷಯ ಕಣ್ಣಿಗೆ ಬಿತ್ತು. ಬರೆದವರೆಲ್ಲ ಒಂದೇ ಮಾತು ಹೇಳುತ್ತಿದ್ದರು: ಜಪಾನಿನವರು ಇದನ್ನು ಅಮೆರಿಕದ ಮಸಲ್ ಕಾರು, ಅಂದರೆ ದೊಡ್ಡ ಎಂಜಿನ್ನಿನ ಗಟ್ಟಿಮೈ ಕಾರು, ನೋಡಿಕೊಂಡು ಮಾಡಿದ್ದು ಅಂತ. ಉದ್ದ ಮೂತಿ, ಗಿಡ್ಡ ಬಾಲ, ಮೇಲ್ಛಾವಣಿಯಿಂದ ಬಾಲದವರೆಗೆ ಒಂದೇ ಇಳಿಜಾರು, ಬಾಲದ ದೀಪದಲ್ಲಿ ನಿಂತ ಗೆರೆಗಳು, ಚಕ್ರದ ಮೇಲೆ ಉಬ್ಬಿದ ಸೊಂಟ. ಓದಿ ಸುಮ್ಮನಾದೆ. ನಾನು ಬಡಿದದ್ದನ್ನು ಕಣ್ಣುಮುಚ್ಚಿ ಸವರಿ ನೋಡಿದೆ. ಸೊಂಟ ಎಲ್ಲಿ ಬಂತು, ಗಡಿಗೆ ಬಂದಿತ್ತು! ಫೋಟೋದಲ್ಲಿ ಗೆರೆ ಕಾಣುತ್ತದೆ, ತಗಡು ಎಷ್ಟು ಹೊರಗೆ ಬಂದು ಎಲ್ಲಿ ಒಳಗೆ ಹೋಗುತ್ತದೆ ಅನ್ನುವುದು ಕಾಣುವುದಿಲ್ಲ. ನಮ್ಮ ಕೆಲಸಕ್ಕೆ ಅಂಗೈಗೆ ಸಿಗಬೇಕು. ಆ ಜಪಾನ್ ಕಾರು ಇನ್ನೊಂದು ಈ ಸೀಮೆಯಲ್ಲೇ ಇರಲಿಲ್ಲ.

ಅಮೆರಿಕದ್ದು ಇತ್ತು. ಕೆ.ಆರ್. ನಗರ ತಾಲ್ಲೂಕಿನ ಭೇರ್ಯದ ಕಡೆ ಒಬ್ಬರು ರೈಸ್ ಮಿಲ್ ಗೌಡರಿದ್ದಾರೆ. ಅವರ ಭತ್ತದ ಟ್ರ್ಯಾಕ್ಟರುಗಳೆಲ್ಲ ರಿಪೇರಿಗೆ ಬರುವುದು ನಮ್ಮ ಶೆಡ್ಡಿಗೇ. ಅವರು ಮಿಲ್ಲಿನ ಹಿಂದೆ ಅಮೆರಿಕದ ಹಳೇ ಕಾರೊಂದನ್ನು ಟಾರ್ಪಾಲ್ ಹೊದಿಸಿ ಇಟ್ಟುಕೊಂಡಿದ್ದಾರೆ, ವರ್ಷಕ್ಕೊಮ್ಮೆ ಆಯುಧಪೂಜೆಗೆ ಮಾತ್ರ ಹೊರಗೆ ತೆಗೆಯುತ್ತಾರೆ ಅಂತ ಕೇಳಿದ್ದೆ. ರಟ್ಟು, ಕತ್ತರಿ, ಚಾಕ್‌ಪೀಸು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ.

"ಬಾರವ್ವ ಮಿಸ್ತ್ರಮ್ಮ," ಎಂದರು ಗೌಡರು. ವಿಷಯ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಂಗಾರೆ ಜಪಾನ್ನೋರು ನಮ್ ಕಾರ್ನ ಕದ್ದವ್ರೆ ಅನ್ನು!"

ನನಗೆ ರೇಗಿತು. ಅಮೆರಿಕದ ಕಾರು ಇವರಿಗೆ "ನಮ್ ಕಾರು" ಯಾವಾಗ ಆಯಿತೋ! "ಕದಿಯೋದಲ್ಲ ಗೌಡ್ರೆ. ನಾನು ಸುತ್ತಿಗೆ ಹಿಡಿಯೋದು ನಮ್ಮ ಅಬ್ಬಾ ಹಿಡಿದ ಹಾಗೇ. ಅದು ಕಳ್ಳತನವಾ? ನೋಡಿ ಕಲಿತವರು ಆಮೇಲೆ ತಮ್ಮ ಕೈ ತೋರಿಸ್ತಾರೋ ಇಲ್ವೋ, ಅದನ್ನ ಕೇಳಿ," ಎಂದೆ.

"ಆಯ್ತು ಬುಡವ್ವ, ಒಡ್ದೀಯೆ ನಂಗೆ," ಎಂದು ಟಾರ್ಪಾಲ್ ಎಳೆದರು.

ಅಬ್ಬಬ್ಬಾ! ನೀಲಿ ಬಣ್ಣದ ಎರಡು ಬಾಗಿಲಿನ ಕಾರು, ಬಾನೆಟ್ಟಿನ ಮೇಲೆ ಇಬ್ಬರು ಮಲಗಬಹುದು. ಗೌಡರು ಚಾಲೂ ಮಾಡಿಯೇ ತೋರಿಸಬೇಕೆಂದು ಹಟ ಹಿಡಿದರು. ಎಂಟು ಸಿಲಿಂಡರ್ ಒಟ್ಟಿಗೆ ಗುಡುಗಿದ್ದಕ್ಕೆ ಅಂಗಳದ ಕೋಳಿಗಳು ಚೆಲ್ಲಾಪಿಲ್ಲಿಯಾದವು, ಮಿಲ್ಲಿನ ಶೀಟಿನಿಂದ ತೌಡಿನ ಧೂಳು ನಮ್ಮ ತಲೆಯ ಮೇಲೆ ಉದುರಿತು. ಆಫ್ ಮಾಡಿಸಿ, ಕೈ ತೊಳೆದು ಬಂದು, ಕಣ್ಣು ಮುಚ್ಚಿ ಬಾಗಿಲಿನ ಹಿಡಿಯಿಂದ ಹಿಂದಕ್ಕೆ ಅಂಗೈ ಸವರಿದೆ. ಮೊದಲು ಒಳಗೆ ಹೋಯಿತು, ಎರಡು ಬೆರಳಿನಷ್ಟು. ಅಲ್ಲಿಂದ ನಿಧಾನಕ್ಕೆ ಏರಿ, ಚಕ್ರದ ಮೇಲೆ ತುಂಬಿ, ಇಳಿಯುವಾಗ ಅವಸರವಿಲ್ಲದೆ ಇಳಿಯಿತು. ನಾನು ಗಡಿಗೆ ಮಾಡಿದ್ದು ಯಾಕೆ ಎಂದು ಆಗ ತಿಳಿಯಿತು. ಉಬ್ಬನ್ನು ಮಾತ್ರ ನೋಡಿದ್ದೆ, ಅದಕ್ಕೆ ಮೊದಲು ಬರುವ ತಗ್ಗನ್ನು ಬಿಟ್ಟಿದ್ದೆ.

ಗೇಣಿಗೊಂದರಂತೆ ರಟ್ಟನ್ನು ಆ ಮೈಗೆ ಒತ್ತಿ ಹಿಡಿದು ಕತ್ತರಿಸಿದೆ. ಅಮೆರಿಕದ್ದು ಬಾಗಿಲಿನಿಂದ ಬಾಲದವರೆಗೆ ಎಂಟು ಗೇಣು, ನಮ್ಮ ಜಪಾನಿನದು ಆರು. ಅದೇ ಅಳತೆಗೆ ರಟ್ಟುಗಳನ್ನೂ ಇಳಿಸಬೇಕು. ಆದರೆ ಗೆರೆಯ ಆರಂಭ ಮತ್ತು ಕೊನೆ ಅಮೆರಿಕದ್ದಲ್ಲ. ಅಬ್ಬಾ ನಮ್ಮ ಕಾರಿನ ಬಾಗಿಲನ್ನು ಮುಟ್ಟಿರಲಿಲ್ಲ, ಬಾಲದ ದೀಪದ ಅಂಚನ್ನೂ ಮುಟ್ಟಿರಲಿಲ್ಲ. ಆ ಎರಡು ಕಡೆ ಜಪಾನಿನವನ ಕೈ ಇನ್ನೂ ಇತ್ತು. ಅಮೆರಿಕದವರ ಗೆರೆ ದಪ್ಪ, ಇವನದು ತೆಳುವು, ಚುರುಕು. ಸಣ್ಣ ಮೈಗೆ ದೊಡ್ಡ ಸೊಂಟ ಅಂಟಿಸಿದರೆ ಕೆಟ್ಟದಾಗಿ ಕಾಣುತ್ತದೆ ಎಂದು ಅವನಿಗೆ ಗೊತ್ತಿತ್ತು. ಯಾರೋ ಏನೋ, ಮುಖ ಕಾಣದ ಆ ಜಪಾನ್ ಮಿಸ್ತ್ರಿಯ ಮೇಲೆ ನನಗೆ ಪ್ರೀತಿಯೇ ಬಂದುಬಿಟ್ಟಿತು.

ಎರಡು ತಿಂಗಳು ಬಡಿದೆ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಕೆಲಸ, ಅಬ್ಬಾ ಬರುವ ಹೊತ್ತಿಗೆ ಟಾರ್ಪಾಲ್. "ತೆಗ್ದು ತೋರ್ಸಮ್ಮ, ಇವ್ರು ರತ್ನಾಪುರಿಯಿಂದ ಬಂದವ್ರೆ" ಎನ್ನುವರು. "ಪ್ರೈಮರ್ ಹಸಿ ಇದೆ ಅಬ್ಬಾ, ಧೂಳು ಕೂರುತ್ತೆ" ಎನ್ನುವೆ. ಅವರು ಟಾರ್ಪಾಲಿನ ಮೇಲಿಂದಲೇ ತಟ್ಟಿ, ಬಂದವರಿಗೆ ಇಡೀ ಕಥೆ ಹೇಳಿ ಕಳಿಸುವರು. ಎರಡು ಸಲ ಹೇಳಲು ಬಾಯಿ ತೆರೆದೆ. ಅವರ ಮುಖ ನೋಡಿ ಮುಚ್ಚಿಕೊಂಡೆ. ಆ ಸಾಹುಕಾರರು ಕೈ ಹಿಡಿದುಕೊಂಡು ಯಾಕೆ ಸುಮ್ಮನೆ ನಿಂತಿದ್ದರು ಎಂದು ಆಗ ಚೆನ್ನಾಗಿ ಅರ್ಥವಾಯಿತು.

ಒಂದು ಬೆಳಿಗ್ಗೆ ಬ್ಯಾಂಕಿನ ಕೆಲಸ ಮುಗಿಸಿ ಶೆಡ್ಡಿಗೆ ಹೋದರೆ, ಟಾರ್ಪಾಲ್ ನೆಲದ ಮೇಲೆ ಮಡಚಿ ಇಟ್ಟಿತ್ತು. ಅಬ್ಬಾ ಕಾರಿನ ಪಕ್ಕ ನಿಂತಿದ್ದರು. ನಡುಗುವ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ಬೂದು ಪ್ರೈಮರಿನ ಮೇಲೆ ಸವರುತ್ತಿದ್ದರು, ಬಾಗಿಲಿನಿಂದ ಬಾಲದವರೆಗೆ, ಮತ್ತೆ ಬಾಲದಿಂದ ಬಾಗಿಲಿಗೆ. ಆಮೇಲೆ ಆ ಕಡೆ ಹೋಗಿ ಅದನ್ನೂ ಸವರಿದರು. ನಾನು ಹೊಸಿಲಲ್ಲೇ ನಿಂತೆ.

"ಇದು ಇಂಗೇ ಇತ್ತಾ?" ಎಂದರು.

"ಹೂಂ ಅಬ್ಬಾ."

"ಎರಡ್ ಕಡೇನೂವಾ?"

"ಹೂಂ."

"ಸಾವ್ಕಾರ್ರಿಗೆ ಗೊತ್ತಿತ್ತಾ?"

ಸುಳ್ಳು ಹೇಳಬಹುದಿತ್ತು. ಅವರ ಎದುರಿಗೆ ಆಗಲಿಲ್ಲ. "ಗೊತ್ತಿತ್ತು. ನೀವು ಅಷ್ಟು ಖುಷಿಯಲ್ಲಿದ್ರಿ ಅಂತ ಹೇಳಲಿಲ್ಲವಂತೆ."

ಅಬ್ಬಾ ಟೋಪಿ ತೆಗೆದು, ಕೊಡವಿ, ಮತ್ತೆ ಹಾಕಿಕೊಂಡು ಮನೆಗೆ ನಡೆದರು. ಅವತ್ತು ಟೀ ಅಂಗಡಿಯ ಮುಂದೆ ಹಾದು ಹೋದರೂ ಒಳಗೆ ಹೋಗಲಿಲ್ಲವಂತೆ. ಮರುದಿನವೂ ಬರಲಿಲ್ಲ, ಅದರ ಮರುದಿನವೂ ಇಲ್ಲ. ಮನೆಯಲ್ಲಿ ಮಾತಾಡಿಸಿದರೆ ಊಟದ ವಿಷಯಕ್ಕಷ್ಟೇ ಉತ್ತರ. ಭೇರ್ಯದ ಅಮೆರಿಕದ ಕಾರಿನ ಕಥೆಯನ್ನೆಲ್ಲ ಹೇಳಿದಾಗಲೂ ತಟ್ಟೆಯಿಂದ ತಲೆ ಎತ್ತಲಿಲ್ಲ. ನಾನು ಕೆಂಪು ಬಣ್ಣ ಹೊಡೆದೆ, ಪಾಲಿಶ್ ಹಾಕಿದೆ. ಇಷ್ಟು ಒಳ್ಳೆಯ ಕೆಲಸ ನನ್ನ ಕೈಯಿಂದ ಆಗಿರಲಿಲ್ಲ. ಅದನ್ನು ನೋಡಿ ಸಂತೋಷಪಡಲು ನನಗೆ ಭಯವಾಗುತ್ತಿತ್ತು. ಹತ್ತು ದಿನ ಅಬ್ಬಾ ಶೆಡ್ಡಿಗೆ ಕಾಲಿಡಲಿಲ್ಲ.

ಕಾರು ಒಯ್ಯಲು ತೋಟದವರು, ಅಂದರೆ ಆ ಸಾಹುಕಾರರ ಮಗ, ಬಂದ ದಿನ ಭೇರ್ಯದ ಗೌಡರೂ ಬಂದಿದ್ದರು, "ನಮ್ ಕಾರಿನ ತಮ್ಮನ್ನ ನೋಡ್ಬೇಕು" ಅಂತ. ಟೀ ಅಂಗಡಿಯವರೆಲ್ಲ ಗ್ಲಾಸು ಹಿಡಿದುಕೊಂಡೇ ಬಂದು ನಿಂತರು. ತೋಟದವರು ಕಾರಿನ ಸುತ್ತ ಎರಡು ಸುತ್ತು ಬಂದು, ಜೇಬಿನ ಫೋಟೋ ತೆಗೆದು ನೋಡಿ, ಕಣ್ಣೊರೆಸಿಕೊಂಡರು. ಅಷ್ಟರಲ್ಲಿ ಗುಂಪು ದಾರಿ ಬಿಟ್ಟಿತು. ಅಬ್ಬಾ ಬರುತ್ತಿದ್ದರು, ಹಬ್ಬಕ್ಕೆ ಹಾಕುವ ಬಿಳೀ ಜುಬ್ಬಾ ತೊಟ್ಟುಕೊಂಡು.

ನೇರವಾಗಿ ತೋಟದವರ ಹತ್ತಿರ ಹೋಗಿ ಅವರ ಕೈ ಹಿಡಿದುಕೊಂಡರು. "ನಿಮ್ಮ ತಂದೇರು ನನ್ನ ಬೈಬೇಕಿತ್ತು ಸಾರ್."

"ಅವರಿಗೆ ಬೈಲಿಕ್ಕೆ ಬರುತ್ತಿರಲಿಲ್ಲ. ಆದರೆ 'ಕೆಲಸ ಮಾತ್ರ ಪುಟ್ಟಿ ಇಲ್ಲದೆ ಮಾಡಿದ್ದಾನೆ ಮನುಷ್ಯ' ಅಂತ ಯಾವಾಗಲೂ ಹೇಳುತ್ತಿದ್ದರು," ಎಂದರು ಅವರು.

ಅಬ್ಬಾ ಟೀ ಅಂಗಡಿಯವರ ಕಡೆ ತಿರುಗಿದರು. ಮತ್ತೆ ಅದೇ ಕಥೆ ಶುರು ಮಾಡಿದರು! ಎತ್ತಿನ ಗಾಡಿ, ಎಡಪಕ್ಕೆ, ಬಲಗಡೆ ಉಬ್ಬಿದ ತಗಡು, ಒಂದೂ ಬಿಡಲಿಲ್ಲ. ಕೊನೆಯನ್ನು ಮಾತ್ರ ಬದಲಿಸಿ ಹೇಳಿದರು: "ಜಪಾನ್ನೋನ್ ತಪ್ ಮಾಡಿರ್ನಿಲ್ಲ ಕಣ್ರೀ, ತಪ್ ಮಾಡ್ದೋನು ನಾನು. ಅಮೇರಿಕಾದೋರ್ನ ನೋಡಿ ಜಪಾನ್ನೋನು ಮಾಡ್ದ, ನಾನ್ ಕೆಡಿಸ್ದೆ, ಇವ್ಳು ಸರಿ ಮಾಡಿದಾಳೆ. ನೋಡ್ಕಳಿ. ಈ ಶೆಡ್ಡಿನ ಮಿಸ್ತ್ರಿ ಇವ್ಳೇ."

ನಾನು ಮುಖ ತಿರುಗಿಸಿ ಸ್ಪ್ಯಾನರ್ ಹುಡುಕುವವಳ ಹಾಗೆ ಮಾಡಿದೆ. ಗೌಡರು ಸುಮ್ಮನಿರಬೇಕಲ್ಲ, "ಅಳ್ತಾವ್ಳೆ ಕಣ್ರೋ ಮಿಸ್ತ್ರಮ್ಮ" ಎಂದು ಕೂಗಿ ಹೇಳಿದರು. ಅವರಿಗೆ ಆಮೇಲೆ ಸರಿಯಾಗಿ ಬೈದೆ.

ಅಬ್ಬಾ ಮಾತ್ರ ಕಾರಿನೊಳಗೆ ಬಗ್ಗಿ ನೋಡುತ್ತಿದ್ದರು. ಹಿಂದಿನ ಸೀಟಿನ ಪಕ್ಕದ ರೆಗ್ಸಿನ್ ಹಲಗೆಯನ್ನು ಕೊನೆಗೆ ಕೂರಿಸೋಣ ಎಂದು ಹಾಗೇ ಬಿಟ್ಟಿದ್ದೆ. ಬಿಟ್ಟದ್ದು ಯಾಕೆ ಎಂದು ಅವರಿಗೆ ಗೊತ್ತಾಯಿತು ಅಂತ ಕಾಣುತ್ತದೆ. ಕೆಳಗಿನ ತುಕ್ಕು ತಗಡು ಕತ್ತರಿಸಿ ಬದಲಾಯಿಸಿದ್ದೆನೇ ಹೊರತು ಮೇಲಿನದು ಅದೇ ಹಳೇ ತಗಡು. ಅವರ ಮೂರು ಚುಕ್ಕೆ ಹಾಗೇ ಇದ್ದವು.

"ನಿನ್ ಗುರುತೆಲ್ಲಿ?" ಎಂದರು.

"ಹೊಡೆದಿಲ್ಲ ಅಬ್ಬಾ. ನಿಮ್ಮದೇ ಇದೆಯಲ್ಲ."

"ನಂದು ಬಡ್ದು ಚಪ್ಪಟೆ ಮಾಡ್ದೋನ್ದು. ಅದ್ನ ಅಳಿಸ್ಬೇಡ, ಇರ್ಲಿ. ನಾಳೆ ಬಿಚ್ದೋರ್ಗೆ ಯಾರ್ ಕೆಡಿಸ್ದೋರು ಅಂತಾನೂ ಗೊತ್ತಾಗ್ಲಿ." ಜುಬ್ಬಾದ ಜೇಬಿಗೆ ಕೈ ಹಾಕಿದರು. ಮನೆಯಿಂದಲೇ ಪಂಚು ತಂದಿದ್ದರು, ಅವರ ಹಳೇದು, ಹಿಡಿಯುವ ಕಡೆ ಸವೆದು ತೆಳ್ಳಗಾದದ್ದು. "ನಿಂದು ನೀನ್ ಹೊಡಿ."

ಸುತ್ತಿಗೆ ಎತ್ತಿಕೊಂಡು ಒಳಗೆ ತೂರಿದೆ. ಎಷ್ಟು ಚುಕ್ಕೆ ಹೊಡೆಯಬೇಕು ಎಂದು ಯೋಚಿಸಿಯೇ ಇರಲಿಲ್ಲ. ಅವರ ಮೂರರ ಪಕ್ಕದಲ್ಲಿ, ಎರಡು ಬೆರಳು ಬಿಟ್ಟು, ಒಂದೇ ಒಂದು ಹೊಡೆದೆ. ಆ ಕಡೆ ಹೋಗಿ ಅಲ್ಲೂ ಒಂದು ಹೊಡೆದೆ. ಅಬ್ಬಾ ಬೆರಳು ಹಾಕಿ ಮುಟ್ಟಿ ನೋಡಿ, ಎರಡೂ ಒಂದೇ ಆಳಕ್ಕೆ ಇಳಿದಿವೆಯಾ ಎಂದು ಪರೀಕ್ಷೆ ಮಾಡಿದರು.

"ಸರಿ ಅದೆ," ಎಂದರು. "ಹಲ್ಗೆ ಕೂರ್ಸು ಮಿಸ್ತ್ರಿ, ಸಾವ್ಕಾರ್ರು ಕಾಯ್ತಾವ್ರೆ."